ವಿಶ್ವಾಸ ಜಾಸ್ತಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ ಸಿಸ್ಟರ್‌ಗೆ

ನಿಮ್ಮ ಮನೆಯವರ ಕೆಲಸ ಹೋಗಿದೆ, ಮನೆ ಸಾಲದ ಎರಡು ಕಂತು ಬಾಕಿ ಬಿದ್ದಿದೆ. ಚರ್ಚಿನ ಸಭೆಯಲ್ಲಿ ಕೇಳಿದರೆ "ದೇವರ ಸಮಯಕ್ಕೆ ಕಾಯಿರಿ, ವಿಶ್ವಾಸ ಸಾಲದು" ಅನ್ನುತ್ತಾರೆ. ವಿಶ್ವಾಸ ಹೆಚ್ಚಲಿ ಅಂತ 21 ದಿನ ಉಪವಾಸ ಕೂರಲಾ ಅಂತ ಕೇಳಿದ್ದೀರಿ. ಉಪವಾಸದ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನನ್ನ ಕಥೆ ಕೇಳಿ. ದೇವರ ಸಮಯ ಅಂತ ಕಾದು ಕೂತು ಪ್ರೆಸ್ ಕಳೆದುಕೊಂಡವನು ನಾನು.

ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ಆಫ್‌ಸೆಟ್ ಪ್ರೆಸ್ ಇತ್ತು. ಒಂದು ಸಿಂಗಲ್ ಕಲರ್ ಮಷಿನ್, ಒಂದು ಕಟಿಂಗ್ ಮಷಿನ್, ಇಬ್ಬರು ಹುಡುಗರು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಇವೇ ಹೊಟ್ಟೆಪಾಡು. ಡಿಸೆಂಬರ್ ಬಂದರೆ ವಾಗ್ದಾನ ಕಾರ್ಡು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಒಂದು ಬುಟ್ಟಿಯಲ್ಲಿ ಚಿಕ್ಕ ಚಿಕ್ಕ ಕಾರ್ಡು ಇಟ್ಟಿರುತ್ತಾರೆ. ಒಂದೊಂದರ ಮೇಲೆ ಒಂದೊಂದು ಬೈಬಲ್ ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು, ಅದೇ ಆ ವರ್ಷಕ್ಕೆ ನಿಮಗೆ ದೇವರು ಕೊಟ್ಟ ಮಾತು ಅಂತ ನಂಬಿಕೆ. ಹೂವು, ಸೂರ್ಯೋದಯ, ಜಲಪಾತ ಇರುವ ಕಾರ್ಡು ಶಿವಕಾಶಿಯಿಂದ ಬರುತ್ತಿದ್ದವು. ಅದರ ಖಾಲಿ ಜಾಗದಲ್ಲಿ ವಚನ ಹೊಡೆಯುವುದು ನಮ್ಮ ಕೆಲಸ.

ಈ ಖಾಲಿ ಜಾಗ ಬಹಳ ಚಿಕ್ಕದು. ಮೂರು ಸಾಲು, ಹೆಚ್ಚೆಂದರೆ ನಾಲ್ಕು. ಹಾಗಾಗಿ ಉದ್ದದ ವಚನ ಬಂದರೆ ಅರ್ಧ ಕತ್ತರಿಸುತ್ತಿದ್ದೆವು. "ಆದರೆ" ಅಂತ ಶುರುವಾಗುವ ಭಾಗ ಸಾಮಾನ್ಯವಾಗಿ ಮೊದಲು ಹೋಗುತ್ತಿತ್ತು. ಸಭೆಯವರು ಕೊಡುವ ಪಟ್ಟಿಯೂ ಹಾಗೇ, ಎಲ್ಲಾ ಸಿಹಿ. 88ನೇ ಕೀರ್ತನೆ ಹೊಡೆದುಕೊಡಿ ಅಂತ ನನ್ನನ್ನು ಯಾರೂ ಕೇಳಿಲ್ಲ. ಅದು ಕತ್ತಲೆಯ ಮಾತಿನಿಂದಲೇ ಮುಗಿಯುತ್ತದೆ, ಯಾರು ತಾನೆ ಕೊಳ್ಳುತ್ತಾರೆ?

2019ರ ಡಿಸೆಂಬರ್ 31ರ ರಾತ್ರಿ ನನ್ನ ಕೈಗೆ ಬಂದದ್ದು ನಾನೇ ಹೊಡೆದ ಕಾರ್ಡು. ವಿಮೋಚನಕಾಂಡ 14:14. ಯೆಹೋವನು ನಿಮ್ಮ ಪರವಾಗಿ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಬೇಕು ಅನ್ನೋ ಅರ್ಥದ ಮಾತು. ಅದನ್ನು ಮಷಿನ್ ಪಕ್ಕದ ಗೋಡೆಗೆ ಅಂಟಿಸಿದೆ.

ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮುಂಗಾರಿಗೆ ಮುಂಚಿನ ಎರಡು ತಿಂಗಳು ಲಗ್ನಪತ್ರಿಕೆಯವರಿಗೆ ವರ್ಷದ ಗಂಜಿ. ಆ ಸಲ ಮದುವೆ ಅಂದರೆ ಐವತ್ತು ಜನ, ಪತ್ರಿಕೆ ಅಂದರೆ ವಾಟ್ಸಾಪ್ ಫೋಟೋ. ಪ್ರಿಂಟ್ ಆಗಿ ಕಟ್ಟು ಕಟ್ಟಿಟ್ಟಿದ್ದ ಪತ್ರಿಕೆಗಳನ್ನೇ ಜನ ಒಯ್ಯಲಿಲ್ಲ. ತಾರೀಖು ತಪ್ಪಿದ ಲಗ್ನಪತ್ರಿಕೆಗಿಂತ ದಂಡದ ಸಾಮಾನು ಇನ್ನೊಂದಿಲ್ಲ, ರದ್ದಿಯವನೂ ಗೊಣಗಿಕೊಂಡೇ ತೂಕ ಹಾಕುತ್ತಾನೆ.

ಮಷಿನ್ ಮೇಲೆ ಸಾಲ ಇತ್ತು. ರಿಸರ್ವ್ ಬ್ಯಾಂಕ್ ಮೊದಲು ಮೂರು ತಿಂಗಳು, ಆಮೇಲೆ ಇನ್ನೂ ಮೂರು ತಿಂಗಳು, ಆಗಸ್ಟ್ 31ರವರೆಗೆ ಕಂತು ಮುಂದೂಡಲು ಬಿಟ್ಟಿತು. ಬಡ್ಡಿ ಮಾತ್ರ ಏರುತ್ತಲೇ ಇತ್ತು. ನನಗೆ ಅದೇ ಉತ್ತರ ಅನ್ನಿಸಿತು. ನೋಡು, ನಾನು ಸುಮ್ಮನಿದ್ದೆ, ದೇವರು ಯುದ್ಧ ಮಾಡಿದ!

ಇಲ್ಲಿಂದ ಮುಂದೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೀಗ ಇರುವುದು ಇದೇ ಜಾಗದಲ್ಲಿ.

ಆಗಸ್ಟ್‌ನಲ್ಲಿ ಸಣ್ಣ ಉದ್ದಿಮೆಗಳ ಸಾಲವನ್ನು ರಿಸ್ಟ್ರಕ್ಚರ್ ಮಾಡಿಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಅಂದರೆ ಅವಧಿ ಉದ್ದ ಮಾಡಿ ಕಂತು ಚಿಕ್ಕದು ಮಾಡುವುದು. 2021ರ ಮಾರ್ಚ್ 31ರೊಳಗೆ ಆಗಬೇಕಿತ್ತು. ನಮ್ಮ ಬ್ರಾಂಚ್ ಮ್ಯಾನೇಜರ್ ಒಳ್ಳೆಯ ಮನುಷ್ಯ, ತಾವೇ ಫೋನ್ ಮಾಡಿದರು. "ಒಂದು ಅರ್ಜಿ ಬರ್ಕೊಡ್ರಿ, ಜಿಎಸ್‌ಟಿ ಕಾಗದ ತರ್ರಿ, ಉಳಿದಿದ್ದು ನಾ ನೋಡ್ಕೋತೀನಿ" ಅಂದರು. ಹೂಂ ಅಂದೆ, ಹೋಗಲಿಲ್ಲ.

ಸೋಮಾರಿತನ ಅಲ್ಲ. ಅದಾಗಿದ್ದರೆ ಹೆಂಡತಿ ಬೈದು ಎಬ್ಬಿಸುತ್ತಿದ್ದಳು. ನಾನು ಅದನ್ನು ವಿಶ್ವಾಸ ಅಂದುಕೊಂಡಿದ್ದೆ. ಫೋನಿನಲ್ಲಿ ನಡೆಯುವ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿಕೊಂಡಿದ್ದೆ. ಅಲ್ಲಿ ಒಬ್ಬ ಪ್ರಸಂಗಿ, ಬ್ಯಾಂಕಿಗೆ ಹೋಗಿ ಕೈಚಾಚುವುದು ಅಂದರೆ ದೇವರು ಬಿಡಿಸಿ ತಂದ ಗುಲಾಮಗಿರಿಯ ಐಗುಪ್ತಕ್ಕೆ ತಿರುಗಿ ಹೋದ ಹಾಗೆ ಅಂದಿದ್ದರು. ಅರ್ಜಿ ಕೊಟ್ಟರೆ ದೇವರ ಮೇಲೆ ಸಂಶಯಪಟ್ಟ ಹಾಗೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಾವೇರಿಯವರೊಬ್ಬರು ಮಷಿನ್ ಕೊಳ್ಳಲು ಬಂದರು, ಒಳ್ಳೆಯ ರೇಟೇ ಹೇಳಿದರು. ಮಾರಿ ಸಾಲ ತೀರಿಸಿ, ಕಟಿಂಗ್ ಮಷಿನ್ ಒಂದನ್ನೇ ಇಟ್ಟುಕೊಂಡು ಬೈಂಡಿಂಗ್ ಮಾಡಿಕೊಂಡು ಇರಬಹುದಿತ್ತು. ಅವರಿಗೂ ಇಲ್ಲ ಅಂದೆ. ಗೋಡೆಯ ಕಾರ್ಡು ತೋರಿಸಿ ಕಳಿಸಿದೆ, ಅವರು ಲಿಂಗಾಯತರು ಪಾಪ, ಏನು ಅರ್ಥ ಮಾಡಿಕೊಂಡರೋ.

ಕೋರ್ಟಿನ ತಡೆ ಇದ್ದದ್ದರಿಂದ ಕೆಲವು ತಿಂಗಳು ಯಾವ ಖಾತೆಯನ್ನೂ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಅನ್ನುವಂತಿರಲಿಲ್ಲ. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ತೆಗೆಯಿತು. ತೊಂಬತ್ತು ದಿನ ದಾಟಿದ ಬಾಕಿ ನನ್ನದು, ನೇರ ಎನ್‌ಪಿಎ. ಮೇನಲ್ಲಿ ಎರಡನೇ ಅವಕಾಶ ಬಂತು. ಆದರೆ ಅದಕ್ಕೆ ಮಾರ್ಚ್ 31ಕ್ಕೆ ಖಾತೆ ಸರಿಯಿರಬೇಕಿತ್ತು. ಬಾಗಿಲು ಹಾಕಿತ್ತು. ಆಮೇಲೆ ಅರವತ್ತು ದಿನದ ನೋಟಿಸು, ಆಮೇಲೆ ಹರಾಜು. ಹಾವೇರಿಯವರು ಹೇಳಿದ ರೇಟಿನ ಅರ್ಧವೂ ಬರಲಿಲ್ಲ. ಉಳಿದ ಸಾಲಕ್ಕೆ ಧಾರವಾಡದ ಸೈಟು ಹೋಯಿತು. ಅದು ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತೆಗೆದುಕೊಂಡಿದ್ದು.

ಆಗ ನಮ್ಮ ಅತ್ತೆ ಬಂದರು. ಗದಗ-ಬೆಟಗೇರಿಯ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದವರು, ಹಳೇ ಬಾಸೆಲ್ ಮಿಷನ್ ಮನೆತನ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಕ್ರೈಸ್ತ ಸಂಸ್ಥೆ ಅದು). 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಕ್ಯಾಂಪಿನಲ್ಲಿಟ್ಟಿತು. ಮಂಗಳೂರಿನ ಹಂಚಿನ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಅತ್ತೆಯ ಅಜ್ಜ ಅಲ್ಲೇ ಅಚ್ಚಿಗೆ ಮಣ್ಣು ಒತ್ತುವ ಕೆಲಸದಲ್ಲಿದ್ದವರು. ಯಜಮಾನರು ರಾತ್ರೋರಾತ್ರಿ ಹೋದ ಕಥೆ ಕೇಳಿ ಬೆಳೆದ ಹೆಂಗಸಿಗೆ "ದೇವರು ನೋಡಿಕೊಳ್ಳುತ್ತಾನೆ" ಅನ್ನುವ ಮಾತು ಹೇಳಿ ದಾಟಿಕೊಳ್ಳಲು ಆಗುವುದಿಲ್ಲ.

ಅತ್ತೆ ಗೋಡೆಯ ಕಾರ್ಡು ನೋಡಿದರು. ಕನ್ನಡಕ ಹಾಕಿಕೊಂಡರು.

"ಇದರ ಮುಂದಿಂದು ಓದೀಯೇನಪಾ?"

"ಯಾವುದು ಅತ್ತಿ?"

"ಹದಿನೈದನೇದು."

ಸತ್ಯವೇದ ತೆಗೆದು ನನ್ನ ಕೈಗೇ ಕೊಟ್ಟರು. ಓದಿದೆ. ದೇವರು ಮೋಶೆಗೆ ಕೇಳುತ್ತಾನೆ, ನನಗೇಕೆ ಮೊರೆಯಿಡುತ್ತೀ? ಮುಂದೆ ಹೊರಡಿ ಅಂತ ಜನರಿಗೆ ಹೇಳು.

ಸಂಡೇ ಸ್ಕೂಲಿನಿಂದ ಗೊತ್ತಿದ್ದ ಕಥೆ ಅದು. ಹಿಂದೆ ಫರೋಹನ ರಥಗಳು, ಮುಂದೆ ಕೆಂಪು ಸಮುದ್ರ. ಸುಮ್ಮನಿರಿ ಅಂದದ್ದು ಮೋಶೆ, ಹೆದರಿ ಕಿರುಚಾಡುತ್ತಿದ್ದ ಜನರಿಗೆ. ಅದರ ಬೆನ್ನಿಗೇ ದೇವರು ಹೇಳಿದ್ದು, ನಡೆಯಿರಿ ಅಂತ. ಕೋಲು ಎತ್ತು, ಕೈ ಚಾಚು. ಆ ರಾತ್ರಿಯೆಲ್ಲಾ ಗಾಳಿ ಬೀಸಿತು, ನೀರು ಸರಿಯಿತು. ಆದರೂ ದಾಟಿದ್ದು ಜನರೇ, ಅವರ ಕಾಲಲ್ಲೇ. ಸುಮ್ಮನಿರುವುದು ಅಂದರೆ ಗಾಬರಿ ಬಿಡುವುದು, ಕೂತುಬಿಡುವುದಲ್ಲ. ಆ ಹದಿನೈದನೇ ವಚನ ನಮ್ಮ ಪ್ರೆಸ್ಸಿನಿಂದ ಒಂದು ಸಲವೂ ಆಚೆ ಹೋಗಿರಲಿಲ್ಲ. ದೇವರು ಪ್ರಾರ್ಥನೆಯನ್ನು ತಡೆದು ಗದರಿಸುವ ಮಾತು ವಾಗ್ದಾನ ಕಾರ್ಡಿಗೆ ಹೊಂದಲ್ಲ, ಅಲ್ವಾ.

ಹಾಗಾಗಿ ಸಿಸ್ಟರ್, "ವಿಶ್ವಾಸ ಜಾಸ್ತಿ ಮಾಡಿಕೊಳ್ಳೋದು ಹೇಗೆ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ವಿಶ್ವಾಸ ಕಡಿಮೆ ಅಂತ ಅಳೆದವರು ಯಾರು? ಶಿಷ್ಯರು ಇದೇ ಕೇಳಿದಾಗ ಯೇಸು ಸಾಸಿವೆ ಕಾಳಿನಷ್ಟಿದ್ದರೆ ಸಾಕು ಅಂದ. ನಿಮಗೆ ಅಷ್ಟಿದೆ. ಇಲ್ಲದಿದ್ದರೆ ರಾತ್ರಿ ಹೊತ್ತು ಗುರುತಿಲ್ಲದವರ ಹತ್ತಿರ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಕಷ್ಟ ಬಂದವನ ಎದುರು ಕೂತು "ನಿನ್ನಲ್ಲೇ ಏನೋ ತಪ್ಪಿದೆ" ಅಂದವರು ಬೈಬಲಿನ ಯೋಬನ ಗೆಳೆಯರು. ಆ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಯೋಬನ ಮೇಲಲ್ಲ, ಅವರ ಮೇಲೆ. ಸಭೆಯಲ್ಲಿ ಹಾಗೆ ಅಂದವರಿಗೆ ಜಗಳ ಮಾಡಬೇಡಿ, ನಗುತ್ತಾ ಯೋಬ 42:7 ಓದಿ ಅಂತ ಹೇಳಿ ಮನೆಗೆ ಬನ್ನಿ.

ನೀವು ಕೇಳಬೇಕಾದದ್ದು ಜ್ಞಾನ. ಯಾಕೋಬನ ಪತ್ರಿಕೆ ಶುರುವಾಗುವುದೇ ಕಷ್ಟಗಳ ಮಾತಿನಿಂದ. ನಾಲ್ಕೇ ವಚನ ದಾಟಿದರೆ, ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಲಿ, ಆತ ಹಂಗಿಸದೆ ಕೊಡುತ್ತಾನೆ ಅಂತಿದೆ. ಹಂಗಿಸದೆ ಅನ್ನುವುದು ನನಗೆ ಬಹಳ ಇಷ್ಟ. ಈ ದೇವರ ಜ್ಞಾನ ಅಂದ ಕೂಡಲೇ ನಾವು ಏನೋ ದರ್ಶನ, ಕನಸು, ಎದೆ ಝುಮ್ಮೆನ್ನುವುದು ಅಂದುಕೊಳ್ಳುತ್ತೇವೆ. ಯೋಸೇಫನಿಗೆ ಕನಸಿನ ಅರ್ಥವೇನೋ ತಿಳಿಯಿತು. ಅದರ ಹಿಂದೆಯೇ ಅವನು ಫರೋಹನಿಗೆ ಹೇಳಿದ್ದು ಏನು? ಏಳು ವರ್ಷ ಬೆಳೆಯಲ್ಲಿ ಐದರಲ್ಲೊಂದು ಪಾಲು ಎತ್ತಿಡಿ, ಊರೂರಿಗೆ ಕಣಜ ಮಾಡಿ, ಅದಕ್ಕೊಬ್ಬ ಅಧಿಕಾರಿಯನ್ನು ಇಡಿ. ಇವನಲ್ಲಿ ದೇವರ ಆತ್ಮ ಇದೆ ಅಂತ ಫರೋಹ ಅಂದದ್ದು ಈ ಗೋದಾಮಿನ ಲೆಕ್ಕ ಕೇಳಿದ ಮೇಲೆ.

ನಿರೀಕ್ಷೆಯ ಬಗ್ಗೆಯೂ ಕೇಳಿದ್ದೀರಿ, ಎಲ್ಲಾ ಕಡೆ ಕತ್ತಲೆ ಕಾಣುವಾಗ ಹೇಗೆ ಅಂತ. ಎಲ್ಲರೂ ನಿಮಗೆ ಯೆರೆಮೀಯ 29:11 ಕಳಿಸಿರುತ್ತಾರೆ. ವಾಟ್ಸಾಪ್‌ನಲ್ಲಿ ದಿನಾ ಬರುವ ವಚನ ಅದು, ನಿಮಗೆ ನಿರೀಕ್ಷೆ, ಒಳ್ಳೆಯ ಭವಿಷ್ಯ ಕೊಡುತ್ತೇನೆ ಅಂತ ದೇವರು ಹೇಳುವ ಮಾತು, ನಾನೂ ಸಾವಿರಗಟ್ಟಲೆ ಹೊಡೆದಿದ್ದೇನೆ. ನೀವು ಮೂರು ಅಧ್ಯಾಯ ಮುಂದೆ ಹೋಗಿ 32 ಓದಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ. ಪ್ರವಾದಿ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಬಂದಿ. ಆಗ ಅವನ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ನಾಳೆ ನಾಡಿದ್ದು ಶತ್ರು ಪಾಲಾಗುವ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಕ್ರಯಪತ್ರಕ್ಕೆ ಸಹಿ, ಮುದ್ರೆ, ಸಾಕ್ಷಿಗಳು. ಮುಚ್ಚಿದ ಪತ್ರ ಒಂದು, ತೆರೆದ ಪತ್ರ ಒಂದು, ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿಗಿಂತ ಶಿಸ್ತು. ಬಹುಕಾಲ ಉಳಿಯಲಿ ಅಂತ ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಅನ್ನುವುದಕ್ಕೆ ಗುರುತು ಅದು.

ಇನ್ನೂ ಚೆನ್ನಾಗಿರುವುದು ಆಮೇಲಿನದು. ಪತ್ರ ಆದ ಮೇಲೆ ಯೆರೆಮೀಯ ಪ್ರಾರ್ಥನೆಗೆ ಕೂತು, ಊರೇ ಶತ್ರುವಿನ ಕೈ ಸೇರುತ್ತಿರುವಾಗ ನನಗೆ ಹೊಲ ಕೊಂಡುಕೋ ಅಂದೆಯಲ್ಲ ಅಂತ ಒಳಗೊಳಗೇ ಒದ್ದಾಡುತ್ತಾನೆ. ಮೊದಲು ಸಹಿ, ಆಮೇಲೆ ಗೊಂದಲ. ನಾನಾಗಿದ್ದರೆ ಗೊಂದಲ ಪರಿಹಾರ ಆಗಲಿ ಅಂತ ಕಾಯುತ್ತಾ ಸಹಿಯನ್ನೇ ಹಾಕುತ್ತಿರಲಿಲ್ಲ. ಹಾಕಲೂ ಇಲ್ಲ.

ಬೇರೆ ಉತ್ತರ ಕೊಟ್ಟವರು ಸಭೆ ಬದಲಿಸಿ, ಕೌನ್ಸೆಲಿಂಗ್‌ಗೆ ಹೋಗಿ, ಊರಿಗೆ ವಾಪಸ್ ಹೋಗಿ ಅಂತೆಲ್ಲ ಬರೆದಿದ್ದಾರೆ. ಇರಬಹುದು, ನನಗೆ ಅದರಲ್ಲಿ ಅನುಭವ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಎರಡು ಕಂತು ಅನ್ನುವ ಮಾತು. ತೊಂಬತ್ತು ದಿನ ದಾಟಿದರೆ ಖಾತೆಗೆ ಬೇರೆ ಹೆಸರು ಬೀಳುತ್ತದೆ, ಆಮೇಲೆ ಒಳ್ಳೆಯ ಮ್ಯಾನೇಜರ್ ಕೂಡ ಕೈಕಟ್ಟಿ ಕೂರಬೇಕಾಗುತ್ತದೆ. ಅದಕ್ಕಿಂತ ಮುಂಚೆ ಗಂಡ ಹೆಂಡತಿ ಇಬ್ಬರೂ ಹೋಗಿ. ಕೆಲಸ ಹೋದ ಪತ್ರ, ಹಳೇ ಸಂಬಳದ ಚೀಟಿ, ಪಾಸ್‌ಬುಕ್ ಒಯ್ಯಿರಿ. ಅವಧಿ ಹೆಚ್ಚಿಸಿಕೊಡಿ ಅಂತ ಬರವಣಿಗೆಯಲ್ಲೇ ಕೊಡಿ. ಎರಡು ಪ್ರತಿ ಮಾಡಿ ಒಂದರ ಮೇಲೆ ರಿಸೀವ್ಡ್ ಸೀಲ್ ಹಾಕಿಸಿಕೊಳ್ಳಿ. ಅವರು ಆಗಲ್ಲ ಅನ್ನಬಹುದು. ಅಂದರೆ ಮನೆ ನೀವೇ ಮಾರುವ ಲೆಕ್ಕವನ್ನೂ ಹಾಕಿ. ಹರಾಜಿಗಿಂತ ನಿಮ್ಮ ಕೈಯಲ್ಲೇ ಮಾರಿದರೆ ನಾಲ್ಕು ಕಾಸು ಜಾಸ್ತಿ ಬರುತ್ತದೆ. ಇದಕ್ಕೆ ಯಾರಾದರೂ ಐಗುಪ್ತ ಅಂದರೆ ಅವರಿಗೆ ನನ್ನ ಹರಾಜಿನ ನೋಟಿಸು ಕಳಿಸಿಕೊಡುತ್ತೇನೆ, ಇನ್ನೂ ಇಟ್ಟಿದ್ದೇನೆ.

ನಾನೀಗ ಬೇರೆಯವರ ಪ್ರೆಸ್ಸಿನಲ್ಲಿ ಸಂಬಳಕ್ಕಿದ್ದೇನೆ. ಸಾಲ ಇಲ್ಲ, ಸೈಟೂ ಇಲ್ಲ. ದೇವರ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಅತ್ತೆ "ಬೈಯಿ, ಕೀರ್ತನೆ ಬರೆದವರೂ ಬೈದಾರ" ಅಂದರು. ಬೈದೆ. ಈಗ ಭಾನುವಾರ ಹೋಗುತ್ತೇನೆ, ಹಾಡುತ್ತೇನೆ. ವಾಗ್ದಾನ ಕಾರ್ಡೂ ಎತ್ತುತ್ತೇನೆ, ಮನೆಗೆ ಬಂದು ಅದರ ಹಿಂದಿನ ವಚನ, ಮುಂದಿನ ವಚನ ಎರಡನ್ನೂ ಪೆನ್ನಿನಲ್ಲಿ ಬೆನ್ನಿಗೆ ಬರೆದಿಡುತ್ತೇನೆ.

ಇನ್ನು ಉಪವಾಸ. ಬೇಡ. ಬೇರೆ ಕಾಲದಲ್ಲಿ ಮಾಡಿ, ಈಗ ಬೇಡ. ಪ್ರವಾದಿ ಎಲೀಯ ಸಾಕಾಗಿ ಹೋಗಿ, ಜಾಲಿಗಿಡದ ಕೆಳಗೆ ಬಿದ್ದುಕೊಂಡು ನನ್ನ ಪ್ರಾಣ ತೆಗೆದುಬಿಡು ಅಂದಾಗ ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನು, ದಾರಿ ದೂರ ಇದೆ ಅಂದ. ಬ್ಯಾಂಕಿನಲ್ಲಿ ಟೋಕನ್ ತಗೊಂಡು ಮಧ್ಯಾಹ್ನದವರೆಗೆ ಕೂರಿಸುತ್ತಾರೆ. ನೀವಿಬ್ಬರೂ ಹೊಟ್ಟೆ ತುಂಬಾ ತಿಂಡಿ ತಿಂದೇ ಹೊರಡಿ.