ಎರಡು ಮಾತ್ರೆಗಳ ನಡುವೆ ಬರುವ ಗಾಬರಿ

ಮೂವತ್ತು ದಾಟಿದ ಪುರುಷ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಲೆಕ್ಕಪತ್ರದ ಕೆಲಸ. ಆಪ್ತಸಲಹೆಗೆಂದು ನನ್ನ ಬಳಿ ಬಂದವರು; ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಿಲ್ಕ್ ಬೋರ್ಡ್ ಬಳಿ ಬಸ್ಸು ನಿಂತರೆ ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಕೈಗೆ ಜೋಮು. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು. ವೈದ್ಯರು ಗಾಬರಿಯನ್ನು ಬೇಗ ತಗ್ಗಿಸುವ ಆಲ್ಪ್ರಜೋಲಾಮ್ 0.25 ಮಿ.ಗ್ರಾಂ ದಿನಕ್ಕೆರಡರಂತೆ ಎರಡು ವಾರಕ್ಕೆ, ಜೊತೆಗೆ ನಿಧಾನವಾಗಿ ಗುಣ ಕೊಡುವ ಎಸ್ಸಿಟಲೋಪ್ರಾಮ್ ಬರೆದಿದ್ದರು. ವಾಕರಿಕೆ, ಚಡಪಡಿಕೆ ಅಂತ ಎಸ್ಸಿಟಲೋಪ್ರಾಮ್ ನಾಲ್ಕೇ ದಿನಕ್ಕೆ ನಿಂತಿತು. ಆಲ್ಪ್ರಜೋಲಾಮ್ ಮಾತ್ರ ಹಳೇ ಚೀಟಿಯ ಮೇಲೆ ತಿಂಗಳುಗಟ್ಟಲೆ ನಡೆದು ದಿನಕ್ಕೆ ಐದಕ್ಕೆ ಏರಿತ್ತು. ಇದು ಶೆಡ್ಯೂಲ್ ಎಚ್1 ಔಷಧಿ. ಅಂಗಡಿಯವರು ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ಅಷ್ಟು ಸಲೀಸಾಗಿ ಸಿಕ್ಕಿದ್ದೇ ತಪ್ಪು.

“ಮೇಡಂ, ಕಾಯಿಲೆ ಜೋರಾಗ್ತಿದೆ, ಮಾತ್ರೆ ಸಾಲ್ತಿಲ್ಲ” ಎಂಬುದು ಅವರ ದೂರು. ಮಾತ್ರೆ ನುಂಗಿದ ಹೊತ್ತು, ಗಾಬರಿ ಬಂದ ಹೊತ್ತು ಎರಡನ್ನೂ ಒಂದು ವಾರ ಪಕ್ಕಪಕ್ಕ ಬರೆಯಲು ಹೇಳಿದೆ. ಬೆಳಗ್ಗೆ 7ಕ್ಕೆ ಮಾತ್ರೆ, 12ಕ್ಕೆ ಗಾಬರಿ; 12.15ಕ್ಕೆ ಮಾತ್ರೆ, 5ಕ್ಕೆ ಮತ್ತೆ ಗಾಬರಿ. ಬಸ್ಸು ಹತ್ತದ ಭಾನುವಾರವೂ ಇದೇ ಲೆಕ್ಕ! ಆಲ್ಪ್ರಜೋಲಾಮ್‌ನ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಒಗ್ಗಿಹೋದ ಮೆದುಳು ಆ ಇಳಿತಕ್ಕೇ ನಡುಗುತ್ತದೆ. ಅದನ್ನು ಕಾಯಿಲೆ ಎಂದುಕೊಂಡು ಇನ್ನೊಂದು ನುಂಗಿದರೆ ಒಗ್ಗುವಿಕೆ ಹೆಚ್ಚುತ್ತದೆ ಅಷ್ಟೆ.

ಪಟ್ಟಿ ನೋಡಿದ್ದೇ “ಇವತ್ತೇ ಬಿಟ್ಟುಬಿಡ್ತೀನಿ” ಎಂದರು. ಬೇಡವೇ ಬೇಡ ಎಂದೆ: ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಡೋಸ್ ಬದಲಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಪಟ್ಟಿಯ ಸಮೇತ ಮನೋವೈದ್ಯರ ಬಳಿ ಕಳಿಸಿದೆ. ಅವರು ದಿನದ 1.25 ಮಿ.ಗ್ರಾಂ ಅನ್ನು ಸಮ ಅಂತರದಲ್ಲಿ ಹಂಚಿ, ಒಂದು ಹಂತಕ್ಕೆ ಅರ್ಧ ಮಾತ್ರೆ, ಅಂದರೆ ಸುಮಾರು ಹತ್ತನೇ ಒಂದು ಭಾಗ ಇಳಿಸಿದರು. ಎರಡು ವಾರ ನೋಡಿ ಮುಂದಿನ ಹಂತ. ನಿದ್ದೆ ಕೆಟ್ಟರೆ ಅಲ್ಲೇ ನಿಲ್ಲುವುದು. ಕೆಳಗಿನ ಹಂತಗಳು ಇನ್ನೂ ನಿಧಾನ. ಎಸ್ಸಿಟಲೋಪ್ರಾಮ್ ಈ ಸಲ 5 ಮಿ.ಗ್ರಾಂನಿಂದ ಶುರು, ಮೊದಲ ವಾರದ ಚಡಪಡಿಕೆ ನಿರೀಕ್ಷಿತವೇ, ಗುಣ ಕಾಣಲು ಎರಡರಿಂದ ಆರು ವಾರ ಬೇಕು ಎಂದು ಮೊದಲೇ ತಿಳಿಸಿದ್ದರಿಂದ ಬಿಡಲಿಲ್ಲ.

ವಾರಾಂತ್ಯದ ಬಿಯರ್ ಸಂಪೂರ್ಣ ಬಂದ್. ಮದ್ಯವಾಗಲಿ, ಟ್ರಾಮಡಾಲ್‌ನಂಥ ನೋವಿನ ಮಾತ್ರೆಯಾಗಲಿ ಆಲ್ಪ್ರಜೋಲಾಮ್ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಮಂಪರಿದ್ದರೆ ಗಾಡಿ ಓಡಿಸುವಂತಿಲ್ಲ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ನುಂಗಬಾರದು.

ಬಸ್ಸಿನ ಅಭ್ಯಾಸ ನನ್ನ ಪಾಲಿನದು. ಮೊದಲು ಒಂದು ನಿಲ್ದಾಣ, ಆಮೇಲೆ ಮೂರು. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ತಾನೇ ಇಳಿಯುತ್ತದೆ. ಅದು ಇಳಿಯುವವರೆಗೆ ಸೀಟು ಬಿಡಬಾರದು, ಮಾತ್ರೆಗೆಂದು ಜೇಬಿಗೂ ಕೈ ಹಾಕಬಾರದು.

ಹೆಂಡತಿಗೆ ಬೇರೆಯಾಗಿ ಹೇಳಿದ್ದು: ಫಿಟ್ಸ್, ಗೊಂದಲದ ಮಾತು, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ರಾತ್ರಿ ಬರೀ ಮಾತಾಡಲು ಯಾರಾದರೂ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416; ಕನ್ನಡದಲ್ಲೇ ಮಾತಾಡಬಹುದು.