350 ಜಿಬಿ ಫೋಟೊ ಎಲ್ಲಿಡುವುದು?

ಪ್ರಶ್ನೆ: ಹನ್ನೆರಡು ವರ್ಷದ ಫೋಟೊ, ವಿಡಿಯೊ, ಮನೆಪತ್ರಗಳ ಸ್ಕ್ಯಾನ್ ಎಲ್ಲ ಸೇರಿ ಲ್ಯಾಪ್‌ಟಾಪಿನಲ್ಲಿ ಸುಮಾರು 350 ಜಿಬಿ ಇದೆ. ಗೂಗಲ್‌ನ 15 ಜಿಬಿ ತುಂಬಿ ಈಗ ಮೇಲ್ ಕೂಡ ಬರುತ್ತಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟದೆ ಇದನ್ನೆಲ್ಲ ಕಾಪಾಡಿಕೊಳ್ಳಬಹುದೆ?

ಉತ್ತರ: ಖಂಡಿತ. 1 ಟಿಬಿಯ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವು. ಒಂದು ಮನೆಯಲ್ಲಿರಲಿ, ಇನ್ನೊಂದು ಊರಿನಲ್ಲೋ ಅಕ್ಕನ ಮನೆಯಲ್ಲೋ ಇರಲಿ. ಅದೇ ದುಡ್ಡಿಗೆ ದೊಡ್ಡದೊಂದನ್ನು ಕೊಂಡರೆ ಅದು ಕೈಜಾರಿ ಬಿದ್ದ ದಿನ ಎಲ್ಲವೂ ಹೋಗುತ್ತದೆ. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ವೇಗವೇನೋ ಹೌದು, ಆದರೆ ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿ ಇಟ್ಟರೆ ಅದರೊಳಗಿನ ಡೇಟಾ ಕೆಡಬಹುದು. ಪೆನ್‌ಡ್ರೈವ್ ಮಾತು ಬಿಡಿ.

ಕಾಪಿ ಮಾಡಲು ಉಚಿತವಾಗಿ ಸಿಗುವ ಫ್ರೀಫೈಲ್‌ಸಿಂಕ್ ಸಾಫ್ಟ್‌ವೇರ್ ಸಾಕು. ಎಡಗಡೆ ಲ್ಯಾಪ್‌ಟಾಪಿನ ಫೋಲ್ಡರ್, ಬಲಗಡೆ ಡಿಸ್ಕ್. ಇಲ್ಲಿ ಬಹಳ ಜನ ಎಡವುವುದು ‘ಮಿರರ್’ ಆಯ್ಕೆಯಲ್ಲಿ. ಎಡಗಡೆ ಇಲ್ಲದ್ದನ್ನೆಲ್ಲ ಅದು ಬಲಗಡೆಯೂ ಅಳಿಸುತ್ತದೆ. ಮಗು ಒಂದು ಫೋಲ್ಡರ್ ಡಿಲೀಟ್ ಮಾಡಿದ್ದು ನಿಮಗೆ ಗೊತ್ತಾಗುವ ಮೊದಲೇ ಬ್ಯಾಕಪ್‌ನಿಂದಲೂ ಹೋಗಿರುತ್ತದೆ. ಎಡಬಲ ಅದಲುಬದಲಾದರಂತೂ ಖಾಲಿ ಡಿಸ್ಕ್ ನೋಡಿಕೊಂಡು ಲ್ಯಾಪ್‌ಟಾಪನ್ನೇ ಖಾಲಿ ಮಾಡಲು ಹೊರಡುತ್ತದೆ. ‘ಅಪ್‌ಡೇಟ್’ ಆರಿಸಿ, ಹೊಸದು ಮತ್ತು ಬದಲಾದದ್ದು ಮಾತ್ರ ಹೋಗುತ್ತದೆ. ಜೊತೆಗೆ ‘ವರ್ಷನಿಂಗ್’ ಹಾಕಿದರೆ ಬದಲಾದ ಫೈಲಿನ ಹಳೆಯ ಪ್ರತಿಯೂ ಬೇರೊಂದು ಫೋಲ್ಡರಿನಲ್ಲಿ ಉಳಿಯುತ್ತದೆ.

ಮೊದಲ ಸಲ ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ. 350 ಜಿಬಿಗೆ ಒಂದೆರಡು ಗಂಟೆ ಹಿಡಿಯಬಹುದು, ಸಣ್ಣ ಫೈಲುಗಳು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಮುಗಿದ ಮೇಲೆ ‘ಇಜೆಕ್ಟ್’ ಕೊಟ್ಟು ಡಿಸ್ಕ್ ಬಿಚ್ಚಿಡಿ. ಚುಚ್ಚಿಯೇ ಬಿಟ್ಟಿದ್ದರೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದಾಗ ಲ್ಯಾಪ್‌ಟಾಪಿನ ಜೊತೆ ಅದಕ್ಕೂ ಬೀಗ ಬೀಳುತ್ತದೆ.

ಮನೆಯ ಡಿಸ್ಕಿಗೆ ತಿಂಗಳಿಗೊಮ್ಮೆ ಕಾಪಿ ಮಾಡಿ. ಹಬ್ಬಕ್ಕೆ ಊರಿಗೆ ಹೋಗುವಾಗ ಅದನ್ನು ಒಯ್ದು ಅಲ್ಲಿಟ್ಟು, ಅಲ್ಲಿದ್ದುದನ್ನು ವಾಪಸ್ ತನ್ನಿ. ತಂದದ್ದನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೋಟೊ ತೆರೆದು, ಒಂದು ವಿಡಿಯೊ ಕೊನೆವರೆಗೆ ಓಡಿಸಿ ನೋಡಿ. ಫೋಲ್ಡರಿನ ಹೆಸರು ಕಾಣಿಸಿತೆಂದರೆ ಒಳಗಿನ ಫೈಲ್ ಸರಿಯಿದೆ ಎಂದಲ್ಲ.

ಇನ್ನು ಆ 15 ಜಿಬಿ. ಆಂಡ್ರಾಯ್ಡ್ ಫೋನಾದರೆ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕ. ಆ ಬ್ಯಾಕಪ್‌ನಲ್ಲಿ ವಿಡಿಯೊ ಸೇರದಂತೆ ಮಾಡಿ, ದೊಡ್ಡ ಅಟ್ಯಾಚ್‌ಮೆಂಟಿನ ಹಳೆಯ ಮೇಲ್ ಅಳಿಸಿ. ಖಾಲಿಯಾದ ಜಾಗದಲ್ಲಿ ಮನೆಪತ್ರ, ಮಾರ್ಕ್ಸ್‌ಕಾರ್ಡ್‌ಗಳನ್ನು ಫೈಲುಗಳನ್ನು ಒಂದೇ ಕಟ್ಟಾಗಿ ಮಾಡುವ 7-ಜಿಪ್ ಸಾಫ್ಟ್‌ವೇರಿನಲ್ಲಿ ಪಾಸ್‌ವರ್ಡ್ ಹಾಕಿ ಇಡಿ. ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲಾಗದು, ಪುಸ್ತಕದಲ್ಲಿ ಬರೆದಿಡಿ. ಗೂಗಲ್ ಫೋಟೋಸ್ ಆ್ಯಪಿನಲ್ಲಿ ಅಳಿಸಿದ್ದು ಫೋನು, ಕ್ಲೌಡ್ ಎರಡರಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೊ ಕಸದಬುಟ್ಟಿಯಲ್ಲಿ ಉಳಿಯುವುದು 60 ದಿನ ಮಾತ್ರ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದರೆ ಒಮ್ಮೆ ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ ನೋಡಿ. ಆಗಲೂ ಬಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಡಿಸ್ಕ್ ಇದೆಯಲ್ಲ, ಅದರಿಂದ ಹೊಸದೊಂದಕ್ಕೆ ಕಾಪಿ ಮಾಡಿಕೊಳ್ಳಿ.