ಬಿಸುವಿನ ದಿನ ಹಗಲು ರಾತ್ರಿ ಸಮವೇ?

ಪ್ರಶ್ನೆ: ಏಪ್ರಿಲ್ 14ರ ಹೊತ್ತಿಗೆ ಬರುವ ನಮ್ಮ ಹೊಸ ವರ್ಷ ಬಿಸುವಿನ ದಿನ ಹಗಲು ರಾತ್ರಿ ಸಮ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪಾಠಪುಸ್ತಕ ಮಾರ್ಚ್ 21 ಎನ್ನುತ್ತದೆ. ಯಾವುದು ಸರಿ? ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುವ ನೀವು ಮನೆಯಲ್ಲಿ ಕಣಿ ಇಡುತ್ತೀರಾ?
– ನಿವೃತ್ತ ಅಧ್ಯಾಪಕರೊಬ್ಬರು, ಪೆರ್ಲ

ಉತ್ತರ: ಇಡುತ್ತೇನೆ ಮಾಷ್ಟ್ರೇ. ಬಣ್ಣದ ಸೌತೆ, ಕೊಂದೆ ಹೂ, ಕನ್ನಡಿ ಎಲ್ಲ ಜೋಡಿಸಿ, ಎದ್ದ ಕೂಡಲೇ ಮೊದಲು ಅದೇ ಕಣ್ಣಿಗೆ ಬೀಳುವಂತೆ ಅಜ್ಜಿಯನ್ನು ಎಬ್ಬಿಸುವುದು ಈಗ ನನ್ನ ಕೆಲಸ.

ನಿಮ್ಮ ಮೊದಲ ಪ್ರಶ್ನೆಯನ್ನು ಹೋದ ವರ್ಷ ಬದಿಯಡ್ಕ ಹತ್ತಿರದ ನಮ್ಮ ಮನೆಯಲ್ಲೇ ಪರೀಕ್ಷೆ ಮಾಡಿದ್ದೆವು. ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು, ನೆರಳಿನ ತುದಿಗೆ ಅರ್ಧ ಗಂಟೆಗೊಂದು ಅಡಿಕೆ ಇಡುವುದು, ಅಷ್ಟೇ. ಮಾರ್ಚ್ 21ಕ್ಕೆ ಅಪ್ಪ ಇಟ್ಟರು. ಅಡಿಕೆ ಸಾಲು ದಾರ ಕಟ್ಟಿದ ಹಾಗೆ ನೇರ ಬಂತು. ಹಗಲು ರಾತ್ರಿ ಸಮ ಇರುವ ದಿನ ಹೀಗೇ ಬರುತ್ತದೆ. ನಡುಮಧ್ಯಾಹ್ನದ ನೆರಳು 22 ಸೆಂಟಿಮೀಟರ್. ಬಿಸುವಿಗೆ ಊರಿಗೆ ಬಂದು ನಾನಿಟ್ಟೆ. ನೆರಳು ಐದೇ ಸೆಂಟಿಮೀಟರ್! ಸಾಲಿನ ಎರಡೂ ತುದಿ ದಕ್ಷಿಣಕ್ಕೆ ಬಾಗಿತ್ತು. ಅಂದರೆ ಸೂರ್ಯ ಆಗಲೇ ಉತ್ತರಕ್ಕೆ ಸರಿದಾಗಿತ್ತು. ಬಿಸುವಿನ ಹಗಲು ರಾತ್ರಿಗಿಂತ ಜಾಸ್ತಿ.

ಹಾಗಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಇದರಿಂದಾಗಿ ನಕ್ಷತ್ರ ನೋಡಿ ಎಣಿಸುವ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷ ದೊಡ್ಡದು. ಬಿಸು ಎಂದರೆ ಸೂರ್ಯ ಮೇಷಕ್ಕೆ ಬರುವ ದಿನ, ಅದು ನಕ್ಷತ್ರದ ಲೆಕ್ಕ. ಸುಮಾರು 1,700 ವರ್ಷಗಳ ಹಿಂದೆ ಬಿಸುವೂ ಹಗಲು ರಾತ್ರಿ ಸಮವಾಗುವುದೂ ಒಂದೇ ದಿನ ಬರುತ್ತಿದ್ದವು. 20 ನಿಮಿಷವನ್ನು 1,700ರಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ 24 ದಿನ. ಮಾರ್ಚ್ 21ರಿಂದ ಏಪ್ರಿಲ್ 14ಕ್ಕೆ ಅಷ್ಟೇ ಅಲ್ವಾ? ವಿಷುವತ್ ಎಂದರೆ ಹಗಲು ರಾತ್ರಿ ಸಮವಾಗುವ ಹೊತ್ತು. ಬಿಸು ಎಂಬ ಹೆಸರು ಬಂದದ್ದು ಅದರಿಂದಲೇ. ದಿನ ಸರಿದರೂ ಹಬ್ಬಕ್ಕೆ ಆ ಹೆಸರು ಉಳಿಯಿತು.

ಈ ಓಲಾಟ ನನ್ನ ಕೆಲಸಕ್ಕೂ ಬೇಕು. ನಾನು ಕೃತ್ತಿಕೆಯ ನಕ್ಷತ್ರಗಳ ಚಲನೆ ಅಳೆಯುತ್ತೇನೆ. ನಮ್ಮ ಪಟ್ಟಿಗಳಲ್ಲಿ ನಕ್ಷತ್ರದ ಸ್ಥಾನ ಸಾಮಾನ್ಯವಾಗಿ 2000ನೇ ಇಸವಿಯದು. ದೂರದರ್ಶಕ ತಿರುಗಿಸುವ ಮೊದಲು ಇವತ್ತಿನ ಲೆಕ್ಕಕ್ಕೆ ಬದಲಿಸಬೇಕು. ಮೊದಲ ರಾತ್ರಿ ನಾನು ಮರೆತಿದ್ದೆ. ಬೇಕಾದ ನಕ್ಷತ್ರ ಕಾಣಲೇ ಇಲ್ಲ. ತಪ್ಪು ಗೊತ್ತಾದಾಗ ನೆನಪಾದದ್ದು ಅಜ್ಜಿಯ ಬಿಸು. ಪಂಚಾಂಗ ತಪ್ಪು ಎಂದು ಯಾರಾದರೂ ತಳ್ಳಿಹಾಕಿದರೆ ಅಂದಿನಿಂದ ನನಗೆ ಬೇಸರವಾಗುತ್ತದೆ. ಪಂಚಾಂಗ ನೋಡುವುದು ನಕ್ಷತ್ರವನ್ನು, ನೆರಳನ್ನಲ್ಲ.

ನಿಮ್ಮಲ್ಲೂ ಒಂದು ಕೋಲು ನೆಡಿ ಮಾಷ್ಟ್ರೇ. ಏಪ್ರಿಲ್ 23ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅಕ್ಕಪಕ್ಕದ ಮಕ್ಕಳನ್ನೂ ಕರೆಯಿರಿ.